ಒಂದು ಬಿಟ್‌ನ ಬೆಲೆ: ಅನಲಾಗ್–ಡಿಜಿಟಲ್ ಪರಿವರ್ತಕಗಳಲ್ಲಿ ವಿದ್ಯುತ್ತಿನ ಹಿತಮಿತ ಬಳಕೆ

ಗಾಳಿಯ ಬಿಸುಪು, ಮಣ್ಣಿನ ತೇವ, ಎದೆಯ ಮಿಡಿತ, ಬಾಯಿಂದ ಹೊರಟ ಮಾತು ಇವೆಲ್ಲವೂ ಎಡೆಬಿಡದೆ ಏರಿಳಿಯುವಂಥವು. ತಕ್ಕ ಸಂವೇದಕದ ನೆರವಿನಿಂದ ಇವನ್ನು ವಿದ್ಯುತ್ತಿನ ರೂಪಕ್ಕೆ ತಂದ ಮೇಲೂ ಆ ವೋಲ್ಟೇಜು ಮೂಲದಂತೆಯೇ ಎಡೆಬಿಡದೆ ಏರಿಳಿಯುವುದರಿಂದ ಅದನ್ನು ಅನಲಾಗ್ ಸಂಕೇತವೆಂದು ಕರೆಯುತ್ತಾರೆ. ಕಂಪ್ಯೂಟರಾಗಲಿ ಮೊಬೈಲ್ ಫೋನಾಗಲಿ ಈ ಏರಿಳಿತವನ್ನು ನೇರವಾಗಿ ಗ್ರಹಿಸಲಾರವು; ಅವುಗಳಿಗೆ ಬೇಕಾದದ್ದು ಸೊನ್ನೆ ಮತ್ತು ಒಂದುಗಳಿಂದ ಕಟ್ಟಿದ ಅಂಕಿ. ಇವೆರಡರ ನಡುವೆ ನಿಂತು ವೋಲ್ಟೇಜನ್ನು ಅಂಕಿಯಾಗಿಸಿ ಕೊಡುವ ವಿದ್ಯುನ್ಮಂಡಲಕ್ಕೆ ಅನಲಾಗ್–ಡಿಜಿಟಲ್ ಪರಿವರ್ತಕವೆಂದು ಹೆಸರು. ಬಾನುಲಿ ಕೇಂದ್ರದ ಮೈಕಿನ ಮುಂದೆ ಆಡಿದ ಮಾತು, ಮನೆಯ ಗೋಡೆಯ ಮೇಲಿನ ಎಲೆಕ್ಟ್ರಾನಿಕ್ ಮೀಟರು ಅಳೆಯುವ ಕರೆಂಟು, ಆಸ್ಪತ್ರೆಯ ಇ.ಸಿ.ಜಿ. ಯಂತ್ರವನ್ನು ತಲುಪುವ ಹೃದಯದ ಸಂಕೇತ, ಕಿವಿಯಲ್ಲಿಟ್ಟ ಡಿಜಿಟಲ್ ಶ್ರವಣ ಸಾಧನ ಹಿಡಿಯುವ ದನಿ, ಇವೆಲ್ಲ ಇಂದು ಈ ಪರಿವರ್ತಕದ ಹೊಸ್ತಿಲು ದಾಟಿಯೇ ಮುಂದೆ ಹೋಗಬೇಕು. ದಾಟಿಸುವ ಈ ಕೆಲಸಕ್ಕೆ ವಿದ್ಯುತ್ತು ಎಷ್ಟು ಬೇಕು, ಅದು ಯಾವ ಯಾವ ದಾರಿಯಲ್ಲಿ ಖರ್ಚಾಗುತ್ತದೆ, ಆ ಖರ್ಚನ್ನು ಎಲ್ಲಿಯವರೆಗೆ ಇಳಿಸಬಹುದು ಎಂಬುದೇ ಈ ಭಾಷಣದ ವಿಷಯ.

ಪರಿವರ್ತಕ ಮಾಡುವ ಕೆಲಸ ಎರಡು. ಓಡುತ್ತಿರುವ ಸಂಕೇತದಿಂದ ಗೊತ್ತಾದ ಅಂತರದಲ್ಲಿ ಒಂದೊಂದು ಕ್ಷಣದ ವೋಲ್ಟೇಜನ್ನು ಹಿಡಿದು ನಿಲ್ಲಿಸುವುದು ಮೊದಲನೆಯದು. ಇದಕ್ಕೆ ಮಾದರಿ ತೆಗೆಯುವುದು ಎನ್ನುತ್ತಾರೆ, ಸಿ.ಡಿ.ಯಲ್ಲಿರುವ ಸಂಗೀತಕ್ಕೆ ಸೆಕೆಂಡಿಗೆ 44,100 ಬಾರಿ ಹೀಗೆ ಮಾದರಿ ತೆಗೆದಿರುತ್ತಾರೆ. ಹಾಗೆ ಹಿಡಿದ ವೋಲ್ಟೇಜು ಅಳತೆಗೋಲಿನ ಎಷ್ಟನೆಯ ಗೆರೆಗೆ ಹತ್ತಿರವಾಗಿದೆಯೆಂದು ನಿರ್ಧರಿಸಿ ಆ ಗೆರೆಯ ಸಂಖ್ಯೆಯನ್ನು ಬರೆದುಕೊಡುವುದು ಎರಡನೆಯದು. ಅಳತೆಗೋಲಿನಲ್ಲಿ ಎಷ್ಟು ಗೆರೆಗಳಿವೆ ಎಂಬುದನ್ನು ಬಿಟ್‌ಗಳಲ್ಲಿ ಹೇಳುವುದು ವಾಡಿಕೆ: 8 ಬಿಟ್‌ನ ಪರಿವರ್ತಕದಲ್ಲಿ 256 ಗೆರೆಗಳು, 10 ಬಿಟ್‌ನದರಲ್ಲಿ 1,024, 16 ಬಿಟ್‌ನದರಲ್ಲಿ 65,536, ಅಂದರೆ ಒಂದು ಬಿಟ್ ಹೆಚ್ಚಿದರೆ ಗೆರೆಗಳು ಇಮ್ಮಡಿಯಾಗಿ ಅಳತೆ ಎರಡು ಪಟ್ಟು ಸೂಕ್ಷ್ಮವಾಗುತ್ತದೆ. ಅಳತೆ ಇಮ್ಮಡಿ ಸೂಕ್ಷ್ಮವಾದಾಗ ಖರ್ಚು ಎಷ್ಟು ಪಟ್ಟಾಗುತ್ತದೆ ಎಂಬ ಪ್ರಶ್ನೆಯಲ್ಲಿ ಈ ವಿಷಯದ ತಿರುಳಿದೆ.

ಮಾತನ್ನು ಅಂಕಿಗಳ ಸಾಲಾಗಿ ಮಾಡಿ ತಂತಿಯಲ್ಲಿ ಕಳಿಸಬಹುದೆಂಬ ಕಲ್ಪನೆಯನ್ನು ಪ್ಯಾರಿಸ್ಸಿನ ಒಂದು ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದ ಇಂಗ್ಲಿಷ್ ಇಂಜಿನಿಯರ್ ಅಲೆಕ್ ರೀವ್ಸ್ 1937ರಲ್ಲಿ ರೂಪಿಸಿದನಾದರೂ, ನಿರ್ವಾತ ಕವಾಟಗಳ ಆ ಕಾಲದಲ್ಲಿ ಅದು ತೀರ ದುಬಾರಿಯಾಗಿತ್ತು. 1954ರಲ್ಲಿ ಅಮೆರಿಕದ ಎಪ್ಸ್ಕೋ ಕಂಪನಿ ಬರ್ನಾರ್ಡ್ ಗಾರ್ಡನ್ನನ ವಿನ್ಯಾಸದ ಡೇಟ್ರಾಕ್ ಎಂಬ ಪರಿವರ್ತಕವನ್ನು ಮಾರಾಟಕ್ಕೆ ತಂದಾಗ, ಕವಾಟಗಳಿಂದ ಕಟ್ಟಿದ ಆ 11 ಬಿಟ್‌ನ ಯಂತ್ರ ಸುಮಾರು 68 ಕಿಲೋ ತೂಗುತ್ತಿತ್ತು, ಸೆಕೆಂಡಿಗೆ 50,000 ಮಾದರಿಗಳನ್ನು ಪರಿವರ್ತಿಸುತ್ತಿತ್ತು, ಮತ್ತು ಅದಕ್ಕಾಗಿ ಸುಮಾರು 500 ವ್ಯಾಟ್ ವಿದ್ಯುತ್ತನ್ನು ಬಳಸುತ್ತಿತ್ತು. ಅದಾದ 54 ವರ್ಷಕ್ಕೆ, 2008ರಲ್ಲಿ, ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ 10 ಬಿಟ್‌ನ ಚಿಪ್ಪು ಸೆಕೆಂಡಿಗೆ 10 ಲಕ್ಷ ಮಾದರಿಗಳನ್ನು ಪರಿವರ್ತಿಸುತ್ತ ಬಳಸಿದ್ದು ಕೇವಲ 1.9 ಮೈಕ್ರೋವ್ಯಾಟ್, ಅಂದರೆ ಒಂದು ವ್ಯಾಟಿನ ಹತ್ತು ಲಕ್ಷ ಪಾಲುಗಳಲ್ಲಿ ಎರಡು ಪಾಲನ್ನೂ ಅದು ಮುಟ್ಟಲಿಲ್ಲ. ಒಂದು ಮಾದರಿಗೆ ತಗಲಿದ ಶಕ್ತಿಯನ್ನು ಲೆಕ್ಕ ಹಾಕಿದರೆ ಡೇಟ್ರಾಕಿನದು ಒಂದು ಜೂಲಿನ ನೂರನೆಯ ಒಂದು ಭಾಗ, ಟ್ವೆಂಟೆಯ ಚಿಪ್ಪಿನದು 1.9 ಪಿಕೋಜೂಲ್, ಪಿಕೋ ಎಂದರೆ ಲಕ್ಷ ಕೋಟಿಯಲ್ಲಿ ಒಂದು ಪಾಲು. ಎರಡರ ಸೂಕ್ಷ್ಮತೆ ಒಂದೇ ಅಲ್ಲದ ಕಾರಣ ಹೋಲಿಕೆ ಪೂರ್ತಿ ಸಮವಲ್ಲದಿದ್ದರೂ, ಖರ್ಚು ಸುಮಾರು 500 ಕೋಟಿ ಪಟ್ಟು ಇಳಿಯಿತೆಂಬುದು ಎಲೆಕ್ಟ್ರಾನಿಕ್ಸಿನ ಚರಿತ್ರೆಯಲ್ಲಿಯೇ ದೊಡ್ಡ ಸಾಧನೆ, ಮತ್ತು ಇದರ ಶ್ರೇಯಸ್ಸು ಕಿರಿದಾಗುತ್ತ ಬಂದ ಟ್ರಾನ್ಸಿಸ್ಟರಿಗೆ ಎಷ್ಟು ಸಲ್ಲಬೇಕೋ ವೋಲ್ಟೇಜನ್ನು ತೂಗುವ ಕ್ರಮದಲ್ಲಿ ಕಂಡುಕೊಂಡ ಜಾಣ್ಮೆಗೂ ಅಷ್ಟೇ ಸಲ್ಲಬೇಕು.

ಆ ತೂಗುವ ಕ್ರಮವನ್ನು ಕನ್ನಡ ನಾಡಿನ ಹಳೆಯ ತಕ್ಕಡಿಯ ಮೂಲಕವೇ ಚೆನ್ನಾಗಿ ತಿಳಿಯಬಹುದು. ಮೆಟ್ರಿಕ್ ತೂಕಗಳು ಬರುವ ಮೊದಲು ಅಂಗಡಿಗಳಲ್ಲಿದ್ದ ಸೇರು, ಅದರ ಅರ್ಧವಾದ ಅಚ್ಚೇರು, ಅದರ ಅರ್ಧವಾದ ಪಾವು, ಅದರರ್ಧ ಅರೆಪಾವು, ಅದರರ್ಧ ಚಟಾಕು ಇವು ಒಂದಕ್ಕಿಂತ ಒಂದು ಅರ್ಧದಷ್ಟಾಗುತ್ತ ಇಳಿಯುವ ಸರಣಿಯಾಗಿದ್ದುದರಿಂದ, ಈ ಐದು ಬಟ್ಟುಗಳಿಂದ ಎರಡು ಸೇರಿಗಿಂತ ಕಡಿಮೆಯಿರುವ ಯಾವ ಸರಕನ್ನಾದರೂ ಒಂದು ಚಟಾಕಿನ ನಿಖರತೆಯಲ್ಲಿ ಐದೇ ಸಲ ತೂಗಿ ಹೇಳಬಹುದಿತ್ತು. ಮೊದಲು ಸೇರಿನ ಬಟ್ಟನ್ನಿಟ್ಟು ನೋಡುವುದು, ಸರಕು ಇನ್ನೂ ಭಾರವಾಗಿದ್ದರೆ ಅದನ್ನು ಅಲ್ಲೇ ಬಿಟ್ಟು ಅಚ್ಚೇರನ್ನು ಸೇರಿಸುವುದು, ಬಟ್ಟೇ ಭಾರವಾದರೆ ಅದನ್ನು ತೆಗೆದು ಅಚ್ಚೇರನ್ನಿಡುವುದು, ಹೀಗೆ ಚಟಾಕಿನವರೆಗೆ ಇಳಿಯುವುದು. ಉಳಿಸಿಕೊಂಡ ಬಟ್ಟಿಗೆ ಒಂದು, ತೆಗೆದ ಬಟ್ಟಿಗೆ ಸೊನ್ನೆ ಎಂದು ಬರೆದರೆ ಅದು ಐದು ಬಿಟ್‌ನ ಅಂಕಿಯೇ ಆಯಿತು. ಪರಿವರ್ತಕಗಳಲ್ಲಿ ಇಂದು ಅತ್ಯಂತ ಮಿತವ್ಯಯದ್ದೆಂದು ಹೆಸರಾದ, ಹಂತ ಹಂತವಾಗಿ ಸಮೀಪಿಸುವ ಬಗೆಯ ಪರಿವರ್ತಕ ಮಾಡುವುದು ಇದನ್ನೇ. ಅಲ್ಲಿ ಬಟ್ಟುಗಳ ಸ್ಥಾನದಲ್ಲಿರುವುವು ಧಾರಕಗಳು, ಅಂದರೆ ವಿದ್ಯುದಾವೇಶವನ್ನು ತುಂಬಿಟ್ಟುಕೊಳ್ಳುವ ಕೆಪಾಸಿಟರುಗಳು. ತಕ್ಕಡಿಯ ಮುಳ್ಳಿನ ಸ್ಥಾನದಲ್ಲಿರುವುದು ಕಂಪ್ಯಾರೇಟರ್, ಅಂದರೆ ಎರಡು ವೋಲ್ಟೇಜುಗಳಲ್ಲಿ ಯಾವುದು ಹೆಚ್ಚೆಂದು ಹೇಳುವ ಮಂಡಲ. ಧಾರಕಗಳನ್ನೇ ಬಟ್ಟುಗಳನ್ನಾಗಿ ಬಳಸುವ ವಿಧಾನವನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಜೇಮ್ಸ್ ಮೆಕ್‌ಕ್ರಿಯರಿ ಮತ್ತು ಪಾಲ್ ಗ್ರೇ 1975ರಲ್ಲಿ ಪ್ರಕಟಿಸಿದರು. ಧಾರಕವು ಆವೇಶವನ್ನು ತುಂಬಿಕೊಳ್ಳುವಾಗಲಷ್ಟೇ ವಿದ್ಯುತ್ತನ್ನು ಬೇಡುತ್ತದೆ, ಸುಮ್ಮನಿದ್ದಾಗ ಏನನ್ನೂ ಬೇಡುವುದಿಲ್ಲವಾದ್ದರಿಂದ, ಮಿತವ್ಯಯದ ದಾರಿ ತೆರೆದದ್ದು ಇಲ್ಲಿಂದಲೇ ಎನ್ನಬೇಕು.

ಆದರೂ ಈ ತೂಗುವಿಕೆಯಲ್ಲಿ ದೊಡ್ಡದೊಂದು ಪೋಲಿತ್ತು. ಭಾರದ ಬಟ್ಟನ್ನು ಎತ್ತಿ ತಟ್ಟೆಯಲ್ಲಿಟ್ಟು, ಹೆಚ್ಚಾಯಿತೆಂದು ಮತ್ತೆ ಕೆಳಗಿಳಿಸಿದರೆ ಎತ್ತಿದ ಶ್ರಮವೆಲ್ಲ ವ್ಯರ್ಥವಾಗುವಂತೆ, ದೊಡ್ಡ ಧಾರಕಕ್ಕೆ ಆವೇಶ ತುಂಬಿಸಿ, ಬೇಡವೆಂದು ತಿಳಿದ ಕೂಡಲೇ ಅದನ್ನು ನೆಲಕ್ಕೆ ಹರಿಸಿಬಿಟ್ಟರೆ ತುಂಬಿಸಿದ ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ. ತೈವಾನಿನ ರಾಷ್ಟ್ರೀಯ ಚೆಂಗ್ ಕುಂಗ್ ವಿಶ್ವವಿದ್ಯಾಲಯದ ತಂಡವೊಂದು 2010ರಲ್ಲಿ ಪ್ರಕಟಿಸಿದ ಉಪಾಯ ಸರಳವೂ ಸುಂದರವೂ ಆಗಿದೆ: ಅಳೆಯಬೇಕಾದ ಸಂಕೇತವನ್ನು ಎರಡು ತಟ್ಟೆಗಳಲ್ಲಿ ಒಂದಕ್ಕೊಂದು ಎದುರಾಗಿರಿಸಿ, ಯಾವ ಬಟ್ಟನ್ನೂ ಮುಟ್ಟದೆ ಮೊದಲ ಹೋಲಿಕೆಯನ್ನು ಮಾಡಿಬಿಡುವುದು, ಆಮೇಲೆ ಯಾವ ತಟ್ಟೆ ಭಾರವೋ ಅದರಿಂದ ಇಳಿಸುತ್ತ ಹೋಗುವುದೇ ಹೊರತು ಯಾವುದನ್ನೂ ಮತ್ತೆ ಎತ್ತದಿರುವುದು. ಮೊದಲ ಹೋಲಿಕೆಗೆ ಬಟ್ಟೇ ಬೇಡವಾದ್ದರಿಂದ ಎಲ್ಲಕ್ಕಿಂತ ದೊಡ್ಡ ಧಾರಕವನ್ನೇ ಕೈಬಿಡಲು ಸಾಧ್ಯವಾಗಿ, ಹಳೆಯ ಕ್ರಮಕ್ಕಿಂತ ಧಾರಕಗಳನ್ನು ಬದಲಿಸುವ ಶಕ್ತಿ ಸುಮಾರು ಶೇಕಡಾ 81ರಷ್ಟು ಉಳಿತಾಯವಾಯಿತು. ಎರಡು ಕಡೆಯ ವೋಲ್ಟೇಜುಗಳೂ ಕೆಳಗಿಳಿಯುತ್ತ ಹೋಗುವುದರಿಂದ ಕಂಪ್ಯಾರೇಟರಿನ ಒಳ ದೋಷವು ಹಂತದಿಂದ ಹಂತಕ್ಕೆ ಬದಲಾಗುವ ತೊಡಕು ಇದರಲ್ಲಿ ಉಂಟು, ಮತ್ತು ಆ ತೊಡಕನ್ನು ಬಿಡಿಸುವುದಕ್ಕೆಂದೇ ಮುಂದೆ ಹಲವು ವಿಧಾನಗಳು ಬಂದವು. ಟ್ವೆಂಟೆಯವರ ದಾರಿ ಬೇರೆ: ಧಾರಕವನ್ನು ಸ್ಥಿರವಾದ ಮೂಲದಿಂದ ಒಂದೇ ನೆಗೆತಕ್ಕೆ ತುಂಬಿದರೆ ತುಂಬಿದಷ್ಟೇ ಶಕ್ತಿ ದಾರಿಯಲ್ಲಿ ಬಿಸಿಯಾಗಿ ನಷ್ಟವಾಗುತ್ತದೆ, ಎರಡು ಮೆಟ್ಟಿಲಲ್ಲಿ ತುಂಬಿದರೆ ಆ ನಷ್ಟ ಅರ್ಧಕ್ಕಿಳಿಯುತ್ತದೆ ಎಂಬ ಭೌತವಿಜ್ಞಾನದ ಹಳೆಯ ಸತ್ಯವನ್ನು ಅವರು ಬಳಸಿಕೊಂಡರು, ಅದರ ಜೊತೆಗೆ, ಹೋಲಿಸುವ ಗಳಿಗೆಯಲ್ಲಷ್ಟೇ ಎಚ್ಚರಗೊಂಡು ಉಳಿದ ಹೊತ್ತು ಪ್ರವಾಹವನ್ನೇ ಎಳೆಯದ ಕಂಪ್ಯಾರೇಟರನ್ನು ಜೋಡಿಸಿದರು.

ಉಳಿದ ಬಗೆಯ ಪರಿವರ್ತಕಗಳ ವಿಚಾರವನ್ನು ಚಿಕ್ಕದಾಗಿ ಹೇಳಿದರೆ ಸಾಕು. ಎಲ್ಲ ಗೆರೆಗಳೊಡನೆ ಏಕಕಾಲಕ್ಕೆ ಹೋಲಿಸುವ ಫ್ಲಾಶ್ ಪರಿವರ್ತಕ ಅತಿ ವೇಗದ್ದು, ಆದರೆ 8 ಬಿಟ್‌ಗೆ 255, 10 ಬಿಟ್‌ಗೆ 1,023 ಕಂಪ್ಯಾರೇಟರುಗಳನ್ನು ಬೇಡುವುದರಿಂದ ಒಂದೊಂದು ಬಿಟ್‌ಗೂ ಅದರ ಖರ್ಚು ಇಮ್ಮಡಿಗಿಂತ ಹೆಚ್ಚಾಗುತ್ತದೆ. ಕೆಲಸವನ್ನು ಸಾಲಾಗಿ ನಿಂತ ಹಂತಗಳಿಗೆ ಹಂಚುವ ಪೈಪ್‌ಲೈನ್ ಪರಿವರ್ತಕದಲ್ಲಿ ಪ್ರತಿ ಹಂತದ ವರ್ಧಕವೂ ಕೆಲಸವಿರಲಿ ಇಲ್ಲದಿರಲಿ ಪ್ರವಾಹವನ್ನು ಎಳೆಯುತ್ತಲೇ ಇರುತ್ತದೆ. ಟೋಕಿಯೋ ವಿಶ್ವವಿದ್ಯಾಲಯದ ಇನೋಸೆ, ಯಸುದಾ ಮತ್ತು ಮುರಾಕಾಮಿ 1962ರಲ್ಲಿ ಮಂಡಿಸಿದ ಸಿಗ್ಮಾ–ಡೆಲ್ಟಾ ಪರಿವರ್ತಕವು ಬೇಕಾದುದಕ್ಕಿಂತ ಎಷ್ಟೋ ಪಟ್ಟು ಬಿರುಸಾಗಿ ಒರಟು ಮಾದರಿಗಳನ್ನು ತೆಗೆದು, ದೋಷವನ್ನು ಬೇಡದ ಆವರ್ತನಗಳ ಕಡೆಗೆ ತಳ್ಳಿ, ಆಮೇಲೆ ಸೋಸಿಕೊಳ್ಳುತ್ತದೆ. ಧ್ವನಿಗೂ ವಿದ್ಯುತ್ ಮೀಟರಿನಂಥ ನಿಧಾನದ ಸೂಕ್ಷ್ಮ ಅಳತೆಗೂ ಇದರಷ್ಟು ತಕ್ಕದ್ದು ಇನ್ನೊಂದಿಲ್ಲ.

ಜಾಣ್ಮೆಯಿಂದ ಖರ್ಚನ್ನು ಇಳಿಸುತ್ತಲೇ ಹೋಗಬಹುದೇ ಎಂದರೆ, ಪ್ರಕೃತಿ ಒಂದೆಡೆ ಗೋಡೆಯನ್ನು ಕಟ್ಟಿಟ್ಟಿದೆ. ಯಾವ ವಸ್ತುವಿನಲ್ಲಿಯಾದರೂ ಬಿಸುಪಿರುವವರೆಗೆ ಅದರ ಇಲೆಕ್ಟ್ರಾನುಗಳು ನಡುಗುತ್ತಿರುತ್ತವೆ, ಮತ್ತು ಆ ನಡುಕದಿಂದಾಗಿ ಧಾರಕದಲ್ಲಿ ಹಿಡಿದಿಟ್ಟ ವೋಲ್ಟೇಜಿನ ಮೇಲೆ ಸಣ್ಣದೊಂದು ಗದ್ದಲ ಸದಾ ಕೂತಿರುತ್ತದೆ. 27 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 1 ಪಿಕೋಫ್ಯಾರಡ್ ಧಾರಕದ ಮೇಲಿನ ಈ ಗದ್ದಲ ಸುಮಾರು 64 ಮೈಕ್ರೋವೋಲ್ಟ್. 1 ವೋಲ್ಟಿನ ವ್ಯಾಪ್ತಿಯನ್ನು 10 ಬಿಟ್‌ನಲ್ಲಿ ಅಳೆಯುವಾಗ ಒಂದು ಗೆರೆಯಿಂದ ಇನ್ನೊಂದಕ್ಕೆ ಸುಮಾರು 1 ಮಿಲಿವೋಲ್ಟ್ ಅಂತರವಿರುವುದರಿಂದ 64 ಮೈಕ್ರೋವೋಲ್ಟಿನ ಗದ್ದಲ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅದೇ 16 ಬಿಟ್‌ನಲ್ಲಿ ಅಳೆಯಹೊರಟರೆ ಗೆರೆಗಳ ಅಂತರ 15 ಮೈಕ್ರೋವೋಲ್ಟಿಗೆ ಇಳಿದು, ಗದ್ದಲವೇ ನಾಲ್ಕು ಗೆರೆಗಳನ್ನು ನುಂಗುತ್ತದೆ. ಗದ್ದಲವನ್ನು ಕುಗ್ಗಿಸಲು ಧಾರಕವನ್ನು ಹಿಗ್ಗಿಸಬೇಕು, ಆದರೆ ಗದ್ದಲ ಅರ್ಧವಾಗಬೇಕಾದರೆ ಧಾರಕ ಎರಡಲ್ಲ, ನಾಲ್ಕು ಪಟ್ಟಾಗಬೇಕು, ಅದನ್ನು ತುಂಬುವ ಶಕ್ತಿಯೂ ನಾಲ್ಕು ಪಟ್ಟಾಗುತ್ತದೆ. ಹೀಗಾಗಿ ಸೂಕ್ಷ್ಮ ಅಳತೆಯ ಸೀಮೆಯಲ್ಲಿ ಹೆಚ್ಚುವರಿ ಒಂದು ಬಿಟ್‌ನ ಬೆಲೆ ನಾಲ್ಕು ಪಟ್ಟು ಶಕ್ತಿ, ಎರಡು ಬಿಟ್‌ನ ಬೆಲೆ ಹದಿನಾರು ಪಟ್ಟು. ಚಿಪ್ಪಿನೊಳಗಿನ ಧಾರಕವನ್ನು ಮುಟ್ಟದೆ, ನಾಲ್ಕು ಮಾದರಿಗಳನ್ನು ತೆಗೆದು ಸರಾಸರಿ ಮಾಡಿ ಒಂದು ಬಿಟ್ ಗಳಿಸುವವರೂ ನಾಲ್ಕು ಪರಿವರ್ತನೆಗಳ ಶಕ್ತಿಯನ್ನೇ ತೆರಬೇಕಾಗುವುದರಿಂದ, ಬೆಲೆಯನ್ನು ಧಾರಕದಲ್ಲಿ ಕೊಟ್ಟರೂ ಸಮಯದಲ್ಲಿ ಕೊಟ್ಟರೂ ಮೊತ್ತ ಒಂದೇ ಆಗಿರುತ್ತದೆ.

ಇದೇ ಕಾರಣದಿಂದ, ಡಿಜಿಟಲ್ ಮಂಡಲಗಳಲ್ಲಿ ಸಿದ್ಧೌಷಧದಂತೆ ಕೆಲಸ ಮಾಡುವ ವೋಲ್ಟೇಜ್ ಇಳಿಸುವ ಉಪಾಯವೂ ಇಲ್ಲಿ ಹಾಗೆಯೇ ಫಲಿಸುವುದಿಲ್ಲ. ಧಾರಕವನ್ನು ತುಂಬುವ ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ವೋಲ್ಟೇಜನ್ನು ಅರ್ಧಕ್ಕಿಳಿಸಿದರೆ ಖರ್ಚು ಕಾಲುಭಾಗಕ್ಕಿಳಿಯಬೇಕು, ಡಿಜಿಟಲ್ ಮಂಡಲದಲ್ಲಿ ಬದಲಾವಣೆಗಳ ಖರ್ಚು ಹಾಗೆ ಇಳಿಯುವುದೂ ಉಂಟು. ಅನಲಾಗ್ ಭಾಗದಲ್ಲಾದರೋ ವೋಲ್ಟೇಜು ಅರ್ಧವಾದಾಗ ಸಂಕೇತವೂ ಅರ್ಧವಾಗುತ್ತದೆ. ಸಂಕೇತಕ್ಕೂ ಗದ್ದಲಕ್ಕೂ ಇರುವ ಅನುಪಾತವನ್ನು ಕಾಪಾಡಲು ಗದ್ದಲವನ್ನೂ ಅರ್ಧಕ್ಕಿಳಿಸಬೇಕಾಗಿ ಧಾರಕ ನಾಲ್ಕು ಪಟ್ಟಾಗುತ್ತದೆ. ಕಾಲುಭಾಗವಾದದ್ದು ನಾಲ್ಕು ಪಟ್ಟಾಗಿ, ಉಳಿತಾಯ ಅಲ್ಲಿಗಲ್ಲಿಗೆ ತೀರಿಹೋಗುತ್ತದೆ. ಇದನ್ನು ಅರಿಯದೆ ಹೊಸ ತಲೆಮಾರಿನ ಕಿರಿದಾದ ಟ್ರಾನ್ಸಿಸ್ಟರುಗಳಿಗೆ ಪರಿವರ್ತಕವನ್ನು ವರ್ಗಾಯಿಸಿದರೆ ಸಾಕು, ಖರ್ಚು ತಾನಾಗಿ ಇಳಿಯುತ್ತದೆ ಎಂದು ಭಾವಿಸುವುದು ತಪ್ಪು.

ಪರಿವರ್ತಕಗಳ ಮಿತವ್ಯಯವನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಮಾನದಂಡಗಳಲ್ಲಿ ರಾಬರ್ಟ್ ವಾಲ್ಡನ್ನನ ಹೆಸರಿನದು ಪ್ರಸಿದ್ಧ. ಬಳಸಿದ ವ್ಯಾಟನ್ನು ಸೆಕೆಂಡಿನ ಮಾದರಿಗಳ ಸಂಖ್ಯೆಯಿಂದಲೂ ನಿಜವಾಗಿ ದಕ್ಕಿದ ಗೆರೆಗಳ ಸಂಖ್ಯೆಯಿಂದಲೂ ಭಾಗಿಸಿ, ಒಂದು ಗೆರೆಗೆ ಎಷ್ಟು ಶಕ್ತಿಯೆಂದು ಅದು ಹೇಳುತ್ತದೆ. ಟ್ವೆಂಟೆಯ ಚಿಪ್ಪಿಗೆ ಇದು 4.4 ಫೆಮ್ಟೋಜೂಲ್, ಫೆಮ್ಟೋ ಎಂದರೆ ಪಿಕೋದ ಸಾವಿರದಲ್ಲಿ ಒಂದು ಪಾಲು. ಒಂದು ಬಿಟ್ ಹೆಚ್ಚಿದರೆ ಖರ್ಚು ಇಮ್ಮಡಿಯಾಗುವುದೆಂಬ ಎಣಿಕೆ ಈ ಮಾನದಂಡದೊಳಗೆ ಅಡಗಿರುವುದರಿಂದ ಕಡಿಮೆ ಬಿಟ್‌ನ ಪರಿವರ್ತಕಗಳಿಗೆ ಇದು ಸರಿ. ಉಷ್ಣದ ಗದ್ದಲವೇ ಆಳುವ ಸೂಕ್ಷ್ಮ ಪರಿವರ್ತಕಗಳಿಗೆ ನಾಲ್ಕು ಪಟ್ಟಿನ ನಿಯಮವನ್ನು ಒಪ್ಪಿದ ಶ್ರೈಯರ್ ಮಾನದಂಡವನ್ನು ಬಳಸುವುದೇ ನ್ಯಾಯ. 1997ರಿಂದೀಚೆಗೆ ಅಂತಾರಾಷ್ಟ್ರೀಯ ಸಮ್ಮೇಳನಗಳಲ್ಲಿ ಮಂಡಿತವಾದ ಪರಿವರ್ತಕಗಳನ್ನು ಪಟ್ಟಿ ಮಾಡುತ್ತ ಬಂದಿರುವ ಪ್ರಾಧ್ಯಾಪಕ ಬೋರಿಸ್ ಮರ್ಮನ್ ಅವರ ಸಮೀಕ್ಷೆ ಎರಡೂ ಮಾನದಂಡಗಳನ್ನು ಅಕ್ಕಪಕ್ಕದಲ್ಲಿಡುತ್ತದೆ, ಮತ್ತು ಈ ಕ್ಷೇತ್ರದ ವಿದ್ಯಾರ್ಥಿಗಳಿಗೆ ಅದಕ್ಕಿಂತ ಒಳ್ಳೆಯ ನಕ್ಷೆ ಇಲ್ಲ.

ಚಿಪ್ಪನ್ನು ವಿನ್ಯಾಸ ಮಾಡುವವರ ಕೆಲಸ ಇಲ್ಲಿಗೆ ಒಂದು ನೆಲೆಗೆ ಬಂದರೆ, ಅದನ್ನು ಕೊಂಡು ಸಾಧನದಲ್ಲಿ ಕೂರಿಸುವವರ ಕೆಲಸ ಇಲ್ಲಿಂದ ಮೊದಲಾಗುತ್ತದೆ. ಹೆಚ್ಚಿನ ಪೋಲು ನಡೆಯುವುದೂ ಇಲ್ಲಿಯೇ. ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಎಷ್ಟು ಬಿಟ್ ಬೇಕೆಂಬುದು. ಸೊನ್ನೆಯಿಂದ 50 ಡಿಗ್ರಿಯವರೆಗೆ ಅಳೆಯುವ, ಅರ್ಧ ಡಿಗ್ರಿಯಷ್ಟು ಹೆಚ್ಚುಕಡಿಮೆ ತೋರಿಸಬಲ್ಲ ಉಷ್ಣ ಸಂವೇದಕಕ್ಕೆ 8 ಬಿಟ್‌ನ ಪರಿವರ್ತಕವೇ 0.2 ಡಿಗ್ರಿಯ ಗೆರೆಗಳನ್ನು ಒದಗಿಸುತ್ತದೆ. ಅದರ ಮುಂದೆ 16 ಬಿಟ್‌ನದನ್ನಿಟ್ಟರೆ ಬರುವ ಉಳಿದ ಅಂಕಿಗಳು ಸಂವೇದಕದ ದೋಷವನ್ನೇ ಸೂಕ್ಷ್ಮವಾಗಿ ವರ್ಣಿಸುತ್ತವೆ. ಎರಡನೆಯ ಪ್ರಶ್ನೆ ಎಷ್ಟು ಸಲವೆಂಬುದು. ಮಣ್ಣಿನ ತೇವ ಗಂಟೆಗಟ್ಟಲೆ ಕಾಲದಲ್ಲಿ ಬದಲಾಗುವಂಥದ್ದು. ಅದನ್ನು ಸೆಕೆಂಡಿಗೊಮ್ಮೆ ಅಳೆಯುವ ಯಂತ್ರ, ಹತ್ತು ನಿಮಿಷಕ್ಕೊಮ್ಮೆ ಅಳೆಯುವ ಯಂತ್ರಕ್ಕಿಂತ 600 ಪಟ್ಟು ಹೆಚ್ಚು ದುಡಿದು ಅದೇ ಸುದ್ದಿಯನ್ನು ತರುತ್ತದೆ. ಕೆಲವೆಡೆ ಪರಿವರ್ತಕವೇ ಅನಗತ್ಯ: ನೀರು ತುಂಬಿದಾಗ ಮಗುಚಿಕೊಳ್ಳುವ ಬಟ್ಟಲಿನ ಮಳೆಮಾಪಕ ಒಂದೊಂದು ಸಲ ಮಗುಚಿದಾಗಲೂ ಒಂದೊಂದು ಮಿಡಿತವನ್ನು ಕೊಡುವುದರಿಂದ, ಅದನ್ನು ಎಣಿಸಿದರಷ್ಟೇ ಸಾಕು.

ದುಡಿಯುವಾಗ ಬೇಗ ದುಡಿದು ಉಳಿದ ಹೊತ್ತು ನಿದ್ರಿಸುವುದು ಮಿತವ್ಯಯದ ಎಲ್ಲಕ್ಕಿಂತ ಫಲಕಾರಿಯಾದ ಸೂತ್ರ. 1985ರಲ್ಲಿ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರವನ್ನು ತೆರೆದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಎ.ಡಿ.ಎಸ್. 1115 ಎಂಬ 16 ಬಿಟ್‌ನ ಚಿಪ್ಪು ವಿದ್ಯಾರ್ಥಿಗಳ ಪ್ರಯೋಗಗಳಲ್ಲಿಯೂ ಸಾಮಾನ್ಯವಾಗಿ ಕಾಣಸಿಗುವಂಥದ್ದು. ಅದು ಎಡೆಬಿಡದೆ ಕೆಲಸ ಮಾಡುವಾಗ ಸುಮಾರು 150 ಮೈಕ್ರೋಆಂಪಿಯರ್ ಪ್ರವಾಹವನ್ನೂ ನಿದ್ರಿಸುವಾಗ ಸುಮಾರು 0.5 ಮೈಕ್ರೋಆಂಪಿಯರನ್ನೂ ಎಳೆಯುತ್ತದೆ. ಸೆಕೆಂಡಿಗೆ 8 ಅಳತೆಗಳು ಬೇಕಾದಾಗ ಅದನ್ನು 8ರ ನಿಧಾನ ಗತಿಯಲ್ಲಿ ಓಡಿಸುವುದು ಸಹಜವೆಂದು ತೋರಬಹುದು, ಆದರೆ ಆಗ ಅದು ಒಂದು ಕ್ಷಣವೂ ಮಲಗುವುದಿಲ್ಲ. ಅದನ್ನೇ ಸೆಕೆಂಡಿಗೆ 860ರ ಗತಿಯಲ್ಲಿಟ್ಟು, ಒಂದೊಂದೇ ಅಳತೆಯನ್ನು ಕೇಳಿದರೆ, ಸುಮಾರು 1.2 ಮಿಲಿಸೆಕೆಂಡಿನಲ್ಲಿ ಕೆಲಸ ಮುಗಿಸಿ ಉಳಿದ 123.8 ಮಿಲಿಸೆಕೆಂಡು ನಿದ್ರಿಸಿ, ಖರ್ಚು ಸುಮಾರು ಎಂಬತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಬಿರುಸಾಗಿ ತೆಗೆದ ಅಳತೆಯಲ್ಲಿ ಗದ್ದಲ ಸ್ವಲ್ಪ ಹೆಚ್ಚಿರುವುದು ನಿಜ, ಏಕೆಂದರೆ ನಾಲ್ಕು ಪಟ್ಟಿನ ನಿಯಮ ಇಲ್ಲಿಯೂ ಬೆನ್ನು ಬಿಡುವುದಿಲ್ಲ. ಆ ಹೆಚ್ಚಳ ತಾಳಬಹುದಾದದ್ದೇ ಎಂದು ನಿರ್ಧರಿಸುವುದು ಅಳತೆಯ ಉದ್ದೇಶವನ್ನು ಬಲ್ಲವರ ಕೆಲಸ.

ಆರ್ಡುಯಿನೋ ಫಲಕದ ಮೂಲಕ ಮನೆಮಾತಾದ ಎ.ಟಿ. ಮೆಗಾ 328 ಪಿ. ಮೈಕ್ರೋಕಂಟ್ರೋಲರಿನ ಒಳಗೂ 10 ಬಿಟ್‌ನ ಇಂಥ ಒಂದು ಪರಿವರ್ತಕವಿದೆ, ಮತ್ತು ಅದರ ಬಗ್ಗೆ ಹಲವರು ಗಮನಿಸದ ಸಂಗತಿಯೆಂದರೆ, ಪ್ರೊಸೆಸರನ್ನು ನಿದ್ರೆಗೆ ಕಳಿಸಿದ ಮಾತ್ರಕ್ಕೆ ಅದು ತಾನಾಗಿ ಆರುವುದಿಲ್ಲ. ಮಲಗಿಸುವ ಮೊದಲು ಅದನ್ನು ಬೇರೆಯಾಗಿ ಆರಿಸಬೇಕೆಂದು ತಯಾರಕರ ಕೈಪಿಡಿಯೇ ಎಚ್ಚರಿಸುತ್ತದೆ. ಆರಿಸಿ ಮತ್ತೆ ಹೊತ್ತಿಸಿದಾಗ ಮೊದಲ ಪರಿವರ್ತನೆಗೆ 25 ಕ್ಲಾಕ್ ಮಿಡಿತಗಳೂ ಅನಂತರದವುಗಳಿಗೆ 13 ಮಿಡಿತಗಳೂ ತಗಲುವುದರಿಂದ, ಒಂದೊಂದು ಅಳತೆಗೂ ಎಬ್ಬಿಸುವುದಕ್ಕಿಂತ ಒಮ್ಮೆ ಎಬ್ಬಿಸಿ ಬೇಕಾದ ಎಲ್ಲ ಸಂವೇದಕಗಳನ್ನೂ ಓದಿ ಮುಗಿಸುವುದು ಲಾಭ. ಅಳೆಯುವ ಹೊತ್ತಿನಲ್ಲಿ ಪ್ರೊಸೆಸರನ್ನೇ ಮಲಗಿಸಿ ಪರಿವರ್ತಕವನ್ನಷ್ಟೇ ಎಚ್ಚರವಾಗಿಡುವ ಒಂದು ನಿದ್ರಾವಿಧಾನವೂ ಈ ಚಿಪ್ಪಿನಲ್ಲಿದ್ದು, ಇದರಿಂದ ವಿದ್ಯುತ್ತೂ ಉಳಿಯುತ್ತದೆ, ಪ್ರೊಸೆಸರಿನ ಸದ್ದಡಗಿ ಅಳತೆಯೂ ಶುದ್ಧವಾಗುತ್ತದೆ.

ಪರಿವರ್ತಕವನ್ನು ಎಷ್ಟು ಚೆನ್ನಾಗಿ ನಿದ್ರಿಸುವಂತೆ ಮಾಡಿದರೂ ಅದರ ಅಕ್ಕಪಕ್ಕದಲ್ಲಿರುವ ಬಿಡಿಭಾಗಗಳು ಎಚ್ಚರವಾಗಿದ್ದರೆ ಫಲವಿಲ್ಲ. ಬ್ಯಾಟರಿಯ ಮಟ್ಟವನ್ನು ತಿಳಿಯಲು ಬ್ಯಾಟರಿಯ ಎರಡು ತುದಿಗಳ ನಡುವೆ ತಲಾ 10 ಕಿಲೋಓಮ್‌ನ ಎರಡು ರೋಧಕಗಳನ್ನು ಜೋಡಿಸಿ ನಡುವಿನ ವೋಲ್ಟೇಜನ್ನು ಅಳೆಯುವುದು ಪಠ್ಯಪುಸ್ತಕದ ವಿಧಾನ. 3 ವೋಲ್ಟಿನ ಗುಂಡು ಸೆಲ್ಲಿನ ಮೇಲೆ ಈ ಜೋಡಿ ಹಗಲಿರುಳೂ 150 ಮೈಕ್ರೋಆಂಪಿಯರ್ ಎಳೆಯುತ್ತಿದ್ದು, ಸುಮಾರು 225 ಮಿಲಿಆಂಪಿಯರ್–ಗಂಟೆಯ ಸಿ.ಆರ್. 2032 ಸೆಲ್ಲನ್ನು 1,500 ಗಂಟೆಗಳಲ್ಲಿ, ಅಂದರೆ ಎರಡು ತಿಂಗಳಲ್ಲಿ, ಸಾಧನ ಬೇರೇನನ್ನೂ ಮಾಡದಿದ್ದರೂ ಬರಿದು ಮಾಡುತ್ತದೆ. ರೋಧಕಗಳನ್ನು ತಲಾ 10 ಲಕ್ಷ ಓಮ್‌ಗೆ ಏರಿಸಿದರೆ ಪ್ರವಾಹ 1.5 ಮೈಕ್ರೋಆಂಪಿಯರಿಗೆ ಇಳಿಯುತ್ತದೆ, ಆದರೆ ಎ.ಟಿ. ಮೆಗಾದಂಥ ಪರಿವರ್ತಕಗಳು ಸುಮಾರು 10 ಕಿಲೋಓಮ್‌ಗಿಂತ ಹೆಚ್ಚು ರೋಧದ ಮೂಲದಿಂದ ತಮ್ಮ ಒಳ ಧಾರಕವನ್ನು ಸಕಾಲದಲ್ಲಿ ತುಂಬಿಕೊಳ್ಳಲಾರವು. ಅಲ್ಲಿ 0.1 ಮೈಕ್ರೋಫ್ಯಾರಡ್‌ನ ಒಂದು ಧಾರಕವನ್ನು ಪರಿವರ್ತಕದ ಕಾಲಿಗೆ ಜೋಡಿಸಿದರೆ ಅದು ತೊಟ್ಟಿಯಂತೆ ನಿಧಾನವಾಗಿ ತುಂಬಿಕೊಂಡಿದ್ದು, 14 ಪಿಕೋಫ್ಯಾರಡ್‌ನ ಒಳ ಧಾರಕಕ್ಕೆ ಬೇಕಾದಾಗ ಚೆಂಬಿನಷ್ಟು ಮೊಗೆದುಕೊಡುತ್ತದೆ. ತೊಟ್ಟಿ ಚೆಂಬಿಗಿಂತ ಸುಮಾರು 7,000 ಪಟ್ಟು ದೊಡ್ಡದಾದ್ದರಿಂದ ಅಳತೆಯಲ್ಲಿ ಆಗುವ ದೋಷ 10 ಬಿಟ್‌ನ ಒಂದು ಗೆರೆಗೂ ಸಾಲದು, ಎರಡು ಅಳತೆಗಳ ನಡುವೆ ತೊಟ್ಟಿ ತುಂಬುವಷ್ಟು, ಅರ್ಧ ಸೆಕೆಂಡಿನಷ್ಟು, ಬಿಡುವು ಕೊಟ್ಟರೆ ಸಾಕು. ಇದಕ್ಕಿಂತಲೂ ಮೇಲಾದ ಉಪಾಯವೆಂದರೆ ರೋಧಕಗಳನ್ನೇ ಬಿಟ್ಟುಬಿಡುವುದು: ಬ್ಯಾಟರಿಯ ವೋಲ್ಟೇಜನ್ನೇ ಅಳತೆಗೋಲನ್ನಾಗಿ ಮಾಡಿಕೊಂಡು ಚಿಪ್ಪಿನೊಳಗೆ ಇರುವ ಸುಮಾರು 1.1 ವೋಲ್ಟಿನ ಸ್ಥಿರ ಮೂಲವನ್ನು ಅದರಿಂದ ಅಳೆದರೆ, ಅಳತೆಗೋಲು ಎಷ್ಟು ಕುಗ್ಗಿದೆಯೆಂಬುದು, ಅಂದರೆ ಬ್ಯಾಟರಿ ಎಷ್ಟು ಇಳಿದಿದೆಯೆಂಬುದು, ಸರಳ ಭಾಗಾಕಾರದಿಂದ ತಿಳಿಯುತ್ತದೆ.

ಅಳತೆಗೋಲಾಗಿ ನಿಲ್ಲುವ ಆಧಾರ ವೋಲ್ಟೇಜನ್ನು ಕೊಡುವ ಚಿಪ್ಪು, ಸಂಕೇತವನ್ನು ಪರಿವರ್ತಕಕ್ಕೆ ಮುಟ್ಟಿಸುವ ವರ್ಧಕ, ಅಂಕಿಗಳನ್ನು ಸಾಗಿಸುವ ತಂತಿಗಳು, ಇವುಗಳ ಲೆಕ್ಕವೂ ಹಾಗೆಯೇ. ಐ–ಸ್ಕ್ವೇರ್ಡ್–ಸಿ ಎಂಬ ಎರಡು ತಂತಿಗಳ ಸಂಪರ್ಕದಲ್ಲಿ 4.7 ಕಿಲೋಓಮ್‌ನ ಎಳೆರೋಧಕದ, ಅಂದರೆ ತಂತಿಯ ವೋಲ್ಟೇಜನ್ನು ಮೇಲಕ್ಕೆ ಎಳೆದಿಡುವ ರೋಧಕದ ಮೂಲಕ, ಆ ವೋಲ್ಟೇಜು ಕೆಳಗಿರುವಷ್ಟು ಹೊತ್ತೂ, 3.3 ವೋಲ್ಟಿನಲ್ಲಿ 0.7 ಮಿಲಿಆಂಪಿಯರ್ ಹರಿಯುತ್ತದೆ. ಅದು ಆ ತಂತಿಯ ತುದಿಯಲ್ಲಿರುವ ಎ.ಡಿ.ಎಸ್. 1115 ಚಿಪ್ಪಿನ ಪ್ರವಾಹದ ನಾಲ್ಕೂವರೆ ಪಟ್ಟಿಗಿಂತಲೂ ಹೆಚ್ಚು. ಆದ್ದರಿಂದ ಸಂಪರ್ಕವನ್ನು ವೇಗದ ಗತಿಯಲ್ಲಿಟ್ಟು ಮಾತು ಬೇಗ ಮುಗಿಸುವುದು ಒಳ್ಳೆಯದು. ಆಧಾರ ವೋಲ್ಟೇಜಿನ ಚಿಪ್ಪನ್ನು ಅಳತೆಗಳ ನಡುವೆ ಆರಿಸಬಹುದಾದರೂ, ಮತ್ತೆ ಹೊತ್ತಿಸಿದ ಮೇಲೆ ಅದರ ಧಾರಕ ತುಂಬಿ ವೋಲ್ಟೇಜು ನೆಲೆಗೊಳ್ಳುವವರೆಗೆ ಕಾಯಬೇಕು. ಅವಸರದಲ್ಲಿ ತೆಗೆದ ಅಳತೆ ತಪ್ಪಾಗಿ, ಉಳಿಸಿದ ವಿದ್ಯುತ್ತು ನಿರರ್ಥಕವಾಗುತ್ತದೆ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಬಿಸಿಲಿಗೆ ಒಡ್ಡಿದ ಪೆಟ್ಟಿಗೆಯೊಳಗೆ ಕೂತ ಸಾಧನಕ್ಕೆ ಇನ್ನೊಂದು ಖರ್ಚೂ ಸೇರುತ್ತದೆ: ಆರಿಸಿದ ಟ್ರಾನ್ಸಿಸ್ಟರಿನ ಮೂಲಕವೂ ಜಿನುಗುವ ಸೋರಿಕೆ ಪ್ರವಾಹವು ಬಿಸುಪು ಏರಿದಂತೆ ಬಹುಬೇಗ, ಸ್ಥೂಲವಾಗಿ ಹತ್ತು ಡಿಗ್ರಿಗೆ ಇಮ್ಮಡಿಯಂತೆ, ಏರುವುದರಿಂದ, ತಂಪಾದ ಪ್ರಯೋಗಾಲಯದಲ್ಲಿ ಅಳೆದ ನಿದ್ರೆಯ ಖರ್ಚು ಹೊಲದಲ್ಲಿ ಹಾಗೆಯೇ ಉಳಿಯುವುದಿಲ್ಲ.

ಆದುದರಿಂದ ಬ್ಯಾಟರಿಯಿಂದ ನಡೆಯುವ ಅಳತೆಯ ಸಾಧನವನ್ನು ಕಟ್ಟುವ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳೂ ಹವ್ಯಾಸಿಗಳೂ ಕೈಪಿಡಿಯ ಅಂಕಿಗಳನ್ನು ಕೂಡಿಸಿ ಸುಮ್ಮನಾಗದೆ, ಸಿದ್ಧವಾದ ಸಾಧನದ ನಿಜವಾದ ಖರ್ಚನ್ನು ಒಮ್ಮೆಯಾದರೂ ಅಳೆಯಬೇಕು. ಸಾಮಾನ್ಯ ಮಲ್ಟಿಮೀಟರನ್ನು ಮೈಕ್ರೋಆಂಪಿಯರಿನ ಮಟ್ಟದಲ್ಲಿ ಸರಣಿಯಾಗಿ ಜೋಡಿಸಿದರೆ, ಸಾಧನ ಎಚ್ಚರಗೊಂಡು ಮಿಲಿಆಂಪಿಯರುಗಳನ್ನು ಎಳೆಯುವ ಗಳಿಗೆಯಲ್ಲಿ ಮೀಟರಿನ ಒಳ ರೋಧದಿಂದ ವೋಲ್ಟೇಜು ಕುಸಿದು ಸಾಧನ ಮತ್ತೆ ಮೊದಲಿನಿಂದ ಶುರುವಾಗುವ ಅಪಾಯವುಂಟು. ಅದಕ್ಕೆ ಬದಲಾಗಿ ಒಂದು ದೊಡ್ಡ ಧಾರಕವನ್ನು ತುಂಬಿ, ಬ್ಯಾಟರಿಯನ್ನು ಬಿಡಿಸಿ, ಸಾಧನವನ್ನು ಆ ಧಾರಕದ ಮೇಲೆಯೇ ಓಡಲು ಬಿಟ್ಟು, ವೋಲ್ಟೇಜು ಎಷ್ಟು ಹೊತ್ತಿನಲ್ಲಿ ಎಷ್ಟು ಇಳಿಯಿತೆಂದು ಗಡಿಯಾರ ಹಿಡಿದು ನೋಡಿ, ಸಾಧನವಿಲ್ಲದೆ ಧಾರಕ ತಾನೇ ಸೋರುವಷ್ಟನ್ನು ಅದರಿಂದ ಕಳೆಯಬೇಕು. ಸೋರಿಕೆಯನ್ನು ಕಳೆದ ಮೇಲೆ 1,000 ಮೈಕ್ರೋಫ್ಯಾರಡ್‌ನ ಧಾರಕದ ವೋಲ್ಟೇಜು 100 ಸೆಕೆಂಡುಗಳಲ್ಲಿ 0.1 ವೋಲ್ಟ್ ಇಳಿದಿದ್ದರೆ, ನಿದ್ರೆ, ಎಚ್ಚರ, ಅಳತೆ ಎಲ್ಲವೂ ಸೇರಿ ಆ ಸಾಧನ ಸರಾಸರಿ 1 ಮೈಕ್ರೋಆಂಪಿಯರನ್ನು ಬಳಸುತ್ತಿದೆ.